ಹಗ್ಗ ಸಮೇತ

ಕಾಶೀನಾಥನನ್ನು ಮಟ್ಟಾಂಚೇರಿಗೆ ಕರೆದುಕೊಂಡು ಹೋದದ್ದು ಅವನ ಕನ್ನಡಕ್ಕಾಗಿ. ಕುದುರೆಗಳ ಬಗ್ಗೆ ಅವನಿಗೆ ತಿಳಿದದ್ದು ಅಷ್ಟರಲ್ಲೇ ಇತ್ತು. ತಿರುವನಂತಪುರದ ಹೊರಗೆ, ಪೋತೆನ್‌ಕೋಡಿನ ಹತ್ತಿರ, ಮುಚ್ಚಿಹೋದ ಒಂದು ಕೋಳಿ ಫಾರಮ್ಮಿನಲ್ಲಿ ಮೇರಿ ಟೀಚರ್ ಮುದಿ ಕುದುರೆಗಳನ್ನು ಸಾಕುತ್ತಿದ್ದರು. ಯಾರಿಗೂ ಬೇಡವಾದವು, ಕಟ್ಟಿದಲ್ಲೇ ಮರೆತು ಬಿಟ್ಟವು. ಭಾನುವಾರ ಅಲ್ಲಿಗೆ ಹೋಗಿ ಲದ್ದಿ ಎತ್ತುವುದು, ತೊಟ್ಟಿಗೆ ನೀರು ತುಂಬುವುದು ಕಾಶೀನಾಥನ ಕೆಲಸ. ಒಂದೇ ಕಂಪನಿಯಲ್ಲಿದ್ದ ಅಲ್ವಿನ್ ಮೊದಲ ಸಲ ಎಳೆದುಕೊಂಡು ಹೋಗಿದ್ದ. ಪಟ್ಟಂನ ಬಾಡಿಗೆ ಕೋಣೆಯಲ್ಲಿ ಭಾನುವಾರವನ್ನು ಏನು ಮಾಡಬೇಕೆಂದು ತಿಳಿಯದೆ ಕಾಶೀನಾಥ ಆಮೇಲೆ ತಾನಾಗಿಯೇ ಹೋಗತೊಡಗಿದ.

ಉತ್ತರಕ್ಕೆ ಅರ್ಧ ದಿನದ ದಾರಿಯಲ್ಲಿದ್ದ ಬಂದರು ಮಟ್ಟಾಂಚೇರಿಯಲ್ಲಿ, ಒಣಶುಂಠಿಯ ಗೋದಾಮೊಂದರ ಹಿಂದೆ, ಒಂದು ಹೆಣ್ಣು ಕುದುರೆ ಹಸಿದು ಸಾಯುತ್ತಿದೆ ಎಂದು ಯಾರೋ ಟೀಚರಿಗೆ ಫೋನ್ ಮಾಡಿದ್ದರು. ಟೀಚರ್ ಎರಡು ಸಲ ಹೋದರು. ಎರಡು ಸಲವೂ ಕುದುರೆಯ ಯಜಮಾನ ಮುದುಕ ಬೈದು ಕಳಿಸಿದ. ಎರಡನೆಯ ಸಲ ಅವನು ಬೈದದ್ದರಲ್ಲಿ ಅರ್ಧ ಮಲಯಾಳ, ಅರ್ಧ ಕನ್ನಡ. ಜತೆಗಿದ್ದ ಅಲ್ವಿನ್‌ಗೆ ಅದು ತಿಳಿಯಿತು.

"ನಿನ್ನ ಬಿಜಾಪುರದವ ಮಾರಾಯ," ಎಂದು ಅಲ್ವಿನ್ ಆಫೀಸಿನ ಕ್ಯಾಂಟೀನಿನಲ್ಲಿ ಹೇಳಿದ. "ನಾನು ಕನ್ನಡದಲ್ಲಿ ಮಾತಾಡ್ಲಿಕ್ಕೆ ನೋಡಿದೆ. ಅವ ಎಂತ ಹೇಳಿದ ಗೊತ್ತುಂಟಾ? ನಿಂದು ರೇಡಿಯೋದಾಗಿನ ವಾರ್ತಾದ ಕನ್ನಡ ಅಂತ. ಮಂಗಳೂರಿನವರಿಗೆ ಮರ್ಯಾದೆಯೇ ಇಲ್ಲ. ನೀನು ಬಾ. ನಿನ್ನ ಭಾಷೆ ಕೇಳಿದ್ರೆ ಕರಗ್ತಾನೆ."

ಕರಗಿದ. ಅದಕ್ಕೆ ಬಹಳ ಹೊತ್ತೇನೂ ಹಿಡಿಯಲಿಲ್ಲ.

ಗೋದಾಮಿನ ಹಿಂದಿನ ಓಣಿಯಲ್ಲಿ ಮುದುಕ ಖಾಲಿ ಗೋಣಿಚೀಲದ ಮೇಲೆ ಕೂತಿದ್ದ. ಹೆಸರು ರುದ್ರಪ್ಪ. ಹೆಗಲ ಮೇಲೆ ಟವೆಲು, ಹೊಟ್ಟೆಯ ಮೇಲೆ ಆಪರೇಷನ್ನಿನ ಹೊಸ ಗೀರು. ಅವನ ಹಿಂದೆ ಆ ಕುದುರೆ. ಬಿಳಿಯ ಬಣ್ಣ ಮಾಸಿ ಸುಣ್ಣದ ಹಳೆಯ ಗೋಡೆಯಂತಾಗಿತ್ತು. ಸೊಂಟದ ಮೂಳೆಗಳು ಚರ್ಮದೊಳಗಿಂದ ಏನನ್ನೋ ಚುಚ್ಚಲು ಹೊರಟಂತೆ ಚಾಚಿದ್ದವು. ಗೊರಸುಗಳು ಬೆಳೆದು ಮುಂದಕ್ಕೆ ಬಾಗಿ, ಅದು ಹಿಮ್ಮಡಿಯ ಮೇಲೆ ನಿಂತಿತ್ತು. ಬೆನ್ನಿನ ಮೇಲೆ, ಜೀನು ಉಜ್ಜುವ ಜಾಗದಲ್ಲಿ, ಹುಣ್ಣು. ಅಲ್ವಿನ್ ಕ್ಯಾಮೆರಾ ತೆಗೆದು ಫೋಟೋ ಹೊಡೆಯತೊಡಗಿದ.

"ಅಜ್ಜಾರ, ಯಾವೂರ್ರಿ ನಿಮ್ದು?" ಎಂದು ಕಾಶೀನಾಥ ಕೇಳಿದ.

ಮುದುಕ ತಲೆ ಎತ್ತಿದ. ಬೈಯಲು ಸಿದ್ಧವಾಗಿದ್ದ ಮುಖ ಏನು ಮಾಡಬೇಕೆಂದು ತಿಳಿಯದೆ ಹಾಗೇ ಉಳಿಯಿತು.

"ಆಲಮೇಲ," ಎಂದ. "ನೀ?"

"ಇಂಡಿ."

"ಇಂಡಿ! ಲಿಂಬಿಹಣ್ಣಿನ ಇಂಡಿ! ಬಾರೋ ತಮ್ಮಾ, ಕೂಡ ಬಾ. ಈ ಹೆಣ್ಮಗಳಿಗೆ ಒಂದೀಟು ಹೇಳು, ನಾ ಕಟುಕ ಅಲ್ಲ ಅಂತ. ಮಳಿಗಾಲ ಪೂರಾ ನಾ ದವಾಖಾನಿಯಾಗ ಬಿದ್ದಿದ್ದೆ. ಹುಲ್ಲು ಹಾಕ್ತೀವಿ ಅಂದವರು ಹಾಕಲಿಲ್ಲ. ಬಂದು ನೋಡ್ತೀನಿ, ಗಂಗಿ ಹಿಂಗ ನಿಂತಾಳ."

ಕಾಶೀನಾಥ ಗೋಣಿಚೀಲದ ಮೇಲೆ ಕೂತ. ಗಂಗಿ ಒಂದು ಕಾಲಕ್ಕೆ ಗುಜರಾತಿಗಳ ಮದುವೆಗಳಲ್ಲಿ ಎಷ್ಟು ಮದುಮಕ್ಕಳನ್ನು ಹೊತ್ತಿದ್ದಳು, ಕೋಟೆಯ ಕಡಲತೀರದಲ್ಲಿ ಎಷ್ಟು ಮಕ್ಕಳನ್ನು ಸುತ್ತಿಸಿದ್ದಳು, ಎಲ್ಲ ಕೇಳಿದ. ಬಾಂಡು ಬಾರಿಸುವವರು ಕಿವಿಯ ಹತ್ತಿರವೇ ನಿಂತರೂ ಒಂದು ಹೆಜ್ಜೆ ತಪ್ಪಿದವಳಲ್ಲ. ಟೀಚರ್ ಸ್ವಲ್ಪ ದೂರ ನಿಂತು ಕಾಯುತ್ತಿದ್ದರು. ಕೊನೆಗೆ ಅವನು ಹೇಳಿದ: "ಅಜ್ಜಾರ, ಸ್ವಲ್ಪ ದಿವಸ ನಮ್ಮ ಕಡೆ ಇರ್ಲಿರಿ. ಮೈ ತುಂಬಲಿ. ಗೊರಸು ಕೊಯ್ಸೂಣು, ಔಷಧ ಮಾಡ್ಸೂಣು."

ಸ್ವಲ್ಪ ದಿವಸ ಎಂದು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಇನ್ನು ಮುಂದೆ ಕುದುರೆ ನಮ್ಮದು, ಹಿಂದಕ್ಕೆ ಕೊಡುವುದಿಲ್ಲ, ಅದನ್ನು ಸ್ಪಷ್ಟವಾಗಿ ಹೇಳು ಎಂದೇ ಟೀಚರ್ ದಾರಿಯಲ್ಲಿ ಹೇಳಿದ್ದರು. ಆದರೆ ತನ್ನ ಅಜ್ಜನ ಮಾತಿನಲ್ಲಿ ಮಾತಾಡುವ ಮುದುಕನ ಎದುರು ಆ ವಾಕ್ಯ ಬಾಯಿಗೆ ಬರಲಿಲ್ಲ.

ರುದ್ರಪ್ಪ ಗಂಗಿಯ ಕಡೆ ತಿರುಗಿ ನೋಡಿದ. ಆಮೇಲೆ ಎದ್ದು ಗೂಟದಿಂದ ಹಗ್ಗ ಬಿಚ್ಚಿದ.

ಟೀಚರಿಗೆ ಒಂದು ನಿಯಮವಿತ್ತು. ಪೊಲೀಸರನ್ನು ಕರೆಯುವುದಿಲ್ಲ, ರುಜು ಹಾಕಿಸುವುದಿಲ್ಲ. ಯಜಮಾನ ತನ್ನ ಕೈಯಿಂದಲೇ ಕುದುರೆಯ ಹಗ್ಗವನ್ನು ಅವರ ಕೈಗೆ ಇಡಬೇಕು. ಇಟ್ಟರೆ ಕೊಟ್ಟಂತೆ, ಎಂದೆಂದಿಗೂ. ಇಡದಿದ್ದರೆ ಬರಿಗೈಯಲ್ಲಿ ಹಿಂದಿರುಗುತ್ತಿದ್ದರು. ಬಲವಂತದಿಂದ ತಂದ ಪ್ರಾಣಿಯ ಜತೆ ಯಜಮಾನನ ಶಾಪವನ್ನೂ ಸಾಕಬೇಕಾಗುತ್ತದೆ ಎನ್ನುವುದು ಅವರ ವಾದ.

ಕಾಶೀನಾಥನ ಕಡೆ ಇದು ನೇರವಾಗಿ ತಿರುಗುಮುರುಗು. ಅಲ್ಲಿ ಎತ್ತು ಮಾರುವವನು ತನ್ನ ಹಗ್ಗ ಬಿಚ್ಚಿಕೊಂಡು ಮನೆಗೆ ಒಯ್ಯುತ್ತಾನೆ. ಕೊಂಡವನು ತನ್ನ ಹಗ್ಗ ಹಾಕಿ ಹೊಡೆದುಕೊಂಡು ಹೋಗುತ್ತಾನೆ. ಹಗ್ಗ ಸಮೇತ ಹೋದ ಪ್ರಾಣಿ ಕೊಟ್ಟದ್ದಲ್ಲ, ಕಳಿಸಿದ್ದು. ಉಳುಮೆಗೋ ಮೇವಿಗೋ ನೆರೆಯವನ ಮನೆಗೆ ಹೋಗಿ ತಿರುಗಿ ಬರುವಂಥದು. ಇಂಡಿಯ ಸಂತೆಯಲ್ಲಿ ಸೋದರಮಾವನ ಹಿಂದೆ ಓಡಾಡಿದ ಕಾಶೀನಾಥನಿಗೆ ಇದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ.

"ಹಗ್ಗ ಸೈತ ಕೊಡಾಕತ್ತೇನಿ," ಎಂದ ರುದ್ರಪ್ಪ, ಟೀಚರ ಕಡೆ ಕೈ ಚಾಚಿ, ಕಾಶೀನಾಥನ ಮುಖ ನೋಡುತ್ತ. "ಈ ಮಂದಿಗೆ ತಿಳೀಲಿಕ್ಕಿಲ್ಲ. ನೀ ಇಂಡಿಯವ. ನಿನಗ ತಿಳೀತಿಲ್ಲೋ?"

"ತಿಳೀತ್ರಿ," ಎಂದ ಕಾಶೀನಾಥ.

ಟೀಚರ್ ಹಗ್ಗ ಹಿಡಿದರು. ಅವರ ಕಣ್ಣು ತುಂಬಿತ್ತು. "ಏನಂದರು?" ಎಂದು ಕೇಳಿದರು.

"ಮನಸಾರೆ ಕೊಡ್ತಿದ್ದೀನಿ ಅಂದ್ರು."

ಸುಳ್ಳು ಅಷ್ಟು ಚಿಕ್ಕದಿತ್ತು. ಲಾರಿಯಲ್ಲಿ ಹಿಂದಿರುಗುವಾಗ ಅವನು ಅದನ್ನು ಎಲ್ಲ ಕಡೆಯಿಂದ ತಿರುಗಿಸಿ ನೋಡಿದ. ಕುದುರೆ ಬದುಕುವುದಿಲ್ಲ, ಕೊನೆಯ ದಿನಗಳಾದರೂ ಹೊಟ್ಟೆ ತುಂಬಿ ಇರಲಿ ಎಂದು, ಟೀಚರ್ ಕಂಡದ್ದನ್ನು ಕೇಳಿದ ಪಶುವೈದ್ಯರು ಮೊದಲೇ ಹೇಳಿದ್ದರು. ಸಾಯುವ ಕುದುರೆಯನ್ನು ಯಾರೂ ಹಿಂದಕ್ಕೆ ಕೇಳುವುದಿಲ್ಲ. ಈ ಲೆಕ್ಕ ಅವನಿಗೆ ಸಮಾಧಾನ ಕೊಟ್ಟಿತು. ಅಲ್ವಿನ್ ಬೆನ್ನು ತಟ್ಟಿ, "ನೀನು ಇವತ್ತು ಹೀರೋ ಮಾರಾಯ," ಎಂದಾಗ ಬೇಡವೆನ್ನಲಿಲ್ಲ.

ಕುದುರೆ ಸಾಯಲಿಲ್ಲ.

ಫಾರಮ್ಮಿಗೆ ತಂದ ದಿನವೇ ಟೀಚರ್ ಅದರ ಹಳೆಯ ಹಗ್ಗ, ಗೋಣಿ, ಎಲ್ಲವನ್ನೂ ಸುಟ್ಟರು. ಚರ್ಮದಲ್ಲಿ ಹುಳುಕಡ್ಡಿ ಇತ್ತು, ಬೇರೆ ಕುದುರೆಗಳಿಗೆ ಹರಡಬಾರದು. ಅಂಬಿಳಿ ಎಂದು ಹೊಸ ಹೆಸರಿಟ್ಟರು, ಮಲಯಾಳದಲ್ಲಿ ಚಂದ್ರ. ಬಹಳ ದಿನ ಹಸಿದ ಹೊಟ್ಟೆಗೆ ಒಮ್ಮೆಲೆ ಹಾಕಿದರೆ ಅದೇ ಕೊಲ್ಲುತ್ತದೆ, ಆದ್ದರಿಂದ ಮೊದಲು ಬರೀ ಕತ್ತರಿಸಿದ ಹುಲ್ಲು, ಮುಷ್ಟಿ ಮುಷ್ಟಿಯಾಗಿ, ದಿನವಿಡೀ. ದವಡೆಯ ಹಲ್ಲುಗಳು ಸವೆದಿದ್ದವು. ಹುಲ್ಲನ್ನು ಅಗಿದು ಉಂಡೆ ಮಾಡಿ ಉಗುಳುತ್ತಿತ್ತು. ಆಮೇಲೆ ಬೂಸಾವನ್ನು ಬಿಸಿನೀರಿನಲ್ಲಿ ನೆನೆಸಿ ಗಂಜಿಯಂತೆ ಮಾಡಿದರು. ಅದನ್ನು ಕುಡಿಯಿತು. ಗೊರಸನ್ನು ಒಂದೇ ಸಲಕ್ಕೆ ಕೊಯ್ಯದೆ ಸ್ವಲ್ಪ ಸ್ವಲ್ಪವಾಗಿ ಕೊಯ್ಸಿದರು.

ಕಾಶೀನಾಥ ಭಾನುವಾರಗಳ ಜತೆ ಶನಿವಾರಗಳನ್ನೂ ಸೇರಿಸಿಕೊಂಡ. ಹುಣ್ಣು ತೊಳೆಯುವ ಕೆಲಸ ತಾನೇ ಕೇಳಿ ಪಡೆದ. ಟೀಚರ್ ಅದನ್ನು ಪ್ರೀತಿ ಎಂದುಕೊಂಡರು. ಒಂದಿಷ್ಟು ಪ್ರೀತಿಯೂ ಇತ್ತು. ಆದರೆ ಪ್ರತಿ ವಾರ ಅವನು ಮೊದಲು ನೋಡುತ್ತಿದ್ದದ್ದು ಅದರ ಪಕ್ಕೆಲುಬುಗಳನ್ನು. ಒಂದೊಂದೇ ಮರೆಯಾಗುತ್ತಿದ್ದವು. ಒಂದು ಪ್ರಾಣಿ ಸುಧಾರಿಸುತ್ತಿರುವುದಕ್ಕೆ ಬೇಸರಪಡುವ ಮನುಷ್ಯ ಎಂಥವನು ಎಂದು ಕೇಳಿಕೊಂಡ. ಬ್ರಷ್ಷು ಹಿಡಿದು ಇನ್ನೂ ಜೋರಾಗಿ ಮೈ ಉಜ್ಜಿದ.

ಯಾಕೆಂದರೆ ರುದ್ರಪ್ಪ ಫೋನ್ ಮಾಡುತ್ತಿದ್ದ.

ಲಾರಿ ಹತ್ತುವ ಮೊದಲು ಕಾಶೀನಾಥ ತನ್ನ ಮೊಬೈಲ್ ನಂಬರು ಕೊಟ್ಟಿದ್ದ. ಗೋದಾಮಿನ ಫೋನಿನಿಂದ ಕರೆ ಬರುತ್ತಿತ್ತು, ಹಿಂದೆ ಮೂಟೆ ಎಳೆಯುವ ಸದ್ದು.

"ತಮ್ಮಾ, ಹೆಂಗದಾಳ ನಮ್ಮ ಹುಡುಗಿ?"

"ಉಣ್ಣಾಕತ್ತಾಳ್ರಿ ಅಜ್ಜಾರ."

"ಅಲ್ಲಿ ಏನಂತ ಕರೀತಾರ ಆಕೀನ?"

"ಅಂಬಿಳಿ ಅಂತ್ರಿ."

"ಅಂಬಲಿ?" ಮುದುಕ ನಕ್ಕ. "ಹಸದಾಕಿಗೆ ಛಲೋ ಹೆಸರು. ನಡೀತಾಳೇನು?"

ಆಗ ಅಂಬಿಳಿ ನಡೆಯುತ್ತಿತ್ತು. ಆ ಬೆಳಿಗ್ಗೆ ಅಂಗಳದಲ್ಲಿ ಸುತ್ತು ಹಾಕಿ, ಹಲಸಿನ ಮರದ ಕೆಳಗೆ ಮಣ್ಣಿನಲ್ಲಿ ಹೊರಳಿ, ತಾನೇ ಎದ್ದು ನಿಂತಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದ್ದರು. ಅಲ್ವಿನ್ ಅದರ ಫೋಟೋವನ್ನು ಆರ್ಕುಟ್‌ನಲ್ಲಿ ಹಾಕಿದ್ದ, ಅದರ ಕೆಳಗೆ ಕಾಶೀನಾಥ ತನ್ನ ಕೈಯಾರೆ ಹೊಗಳಿಕೆ ಬರೆದಿದ್ದ.

"ಇಲ್ರಿ," ಎಂದ ಕಾಶೀನಾಥ. "ಇನ್ನೂ ಕಾಲಾಗ ಬಲ ಬಂದಿಲ್ರಿ."

ಆಮೇಲೆ ಅದು ರೂಢಿಯಾಯಿತು. ಕುದುರೆ ಎಷ್ಟು ಸುಧಾರಿಸುತ್ತಿತ್ತೋ ಫೋನಿನಲ್ಲಿ ಅಷ್ಟೇ ಸೊರಗುತ್ತಿತ್ತು. ಮುದುಕ ಸಮಾಧಾನ ಹೇಳುತ್ತಿದ್ದ: "ನೀ ಚಿಂತಿ ಮಾಡಬ್ಯಾಡ ತಮ್ಮಾ. ಮುದುಕಿ ಗಟ್ಟಿ ಅದಾಳ. ಎದ್ದಾಳು." ಒಮ್ಮೆ, "ನೀ ಊಟ ಮಾಡಿದೆಯಿಲ್ಲೋ?" ಎಂದೂ ಕೇಳಿದ. ಆ ದಿನದ ನಂತರ ಕಾಶೀನಾಥ ಕರೆ ಎತ್ತುವುದನ್ನು ನಿಲ್ಲಿಸಿದ. ಮೇಜಿನ ಮೇಲೆ ಮೊಬೈಲು ನಡುಗುತ್ತ ಸರಿಯುತ್ತಿತ್ತು.

"ಯಾರ್ ಮಾರಾಯ? ಎತ್ತು. ಹುಡುಗಿಯಾ?" ಎಂದ ಅಲ್ವಿನ್.

"ರಾಂಗ್ ನಂಬರ್."

"ದಿನಾ ಒಂದೇ ರಾಂಗ್ ನಂಬರಾ? ಅಂತೂ ಮದುವೆ ಊಟ ಉಂಟು."

ಜನವರಿಯ ಕೊನೆಯ ಭಾನುವಾರ ಫಾರಮ್ಮನ್ನು ಎಲ್ಲರಿಗೂ ತೆರೆದಿಟ್ಟರು. ನಗರದಿಂದ ಸಂಸಾರಗಳು ಬಂದವು, ಮಕ್ಕಳು ಕ್ಯಾರೆಟ್ ತಂದರು. ಗೇಟಿನ ಬಳಿ ಅಲ್ವಿನ್ ದೊಡ್ಡ ರಟ್ಟಿನ ಹಲಗೆ ನಿಲ್ಲಿಸಿ ಅಂಬಿಳಿಯ ಎರಡು ಫೋಟೋ ಅಂಟಿಸಿದ್ದ. ಮೊದಲು, ಈಗ. ಮೊದಲಿನದು ಮಟ್ಟಾಂಚೇರಿಯ ಓಣಿಯಲ್ಲಿ ತೆಗೆದದ್ದು. ಅಂಚಿನಲ್ಲಿ ಒಂದು ಕೈ, ಹಗ್ಗ ಹಿಡಿದದ್ದು, ಮತ್ತು ಲುಂಗಿಯ ಒಂದು ಚೂರು. ಮುಖವಿರಲಿಲ್ಲ. ಕೆಳಗೆ ಮಲಯಾಳದಲ್ಲೂ ಇಂಗ್ಲಿಷಿನಲ್ಲೂ ಬರೆದಿತ್ತು: ಮನುಷ್ಯನ ಕ್ರೌರ್ಯ ಹೀಗಿರುತ್ತದೆ.

ಮಧ್ಯಾಹ್ನದ ಹೊತ್ತಿಗೆ ಗೇಟಿನಲ್ಲಿ ಒಂದು ಆಟೋ ನಿಂತಿತು. ರುದ್ರಪ್ಪ ಇಳಿದ. ಬಿಳಿ ಅಂಗಿ, ಬಿಳಿ ಧೋತರ, ತಲೆಗೆ ಬಿಳಿ ಟೋಪಿ. ಬೀಗರ ಮನೆಗೆ ಬಂದವನ ಹಾಗೆ ಕೈಯಲ್ಲೊಂದು ಕಟ್ಟಿದ ಚೀಲ.

ಕಾಶೀನಾಥ ಕೈಯಲ್ಲಿದ್ದ ಬಕೆಟ್ ಕೆಳಗಿಟ್ಟು ನೀರಿನ ಟ್ಯಾಂಕಿನ ಹಿಂದೆ ಹೋಗಿ ನಿಂತ.

ಯೋಚಿಸಿ ಮಾಡಿದ್ದಲ್ಲ. ಕಾಲುಗಳು ಒಯ್ದವು. ಒದ್ದೆ ಸಿಮೆಂಟಿಗೆ ಬೆನ್ನು ಹಚ್ಚಿ ನಿಂತು, ಸಂದಿಯಿಂದ ನೋಡಿದ. ರುದ್ರಪ್ಪ ಹಲಗೆಯ ಮುಂದೆ ನಿಂತಿದ್ದ. ಅವನ ಪಕ್ಕದಲ್ಲಿ ಒಬ್ಬ ಹೆಂಗಸು ಮಗಳಿಗೆ ಫೋಟೋ ತೋರಿಸಿ, "ಪಾವಂ," ಪಾಪ, ಎಂದಳು. ಆಮೇಲೆ ಅಂಚಿನ ಆ ಕೈಯನ್ನು ತೋರಿಸಿ, ಇಂಥವರನ್ನು ಇದೇ ಹಗ್ಗದಲ್ಲಿ ಕಟ್ಟಿಹಾಕಬೇಕು ಎಂದಳು. ರುದ್ರಪ್ಪ ತನ್ನ ಕೈಯನ್ನು ಚೀಲದ ಅಡಿಗೆ ಸರಿಸಿಕೊಂಡ. ಹೌದು ಹೌದು ಎನ್ನುವಂತೆ ತಲೆಯಾಡಿಸಿದ.

ಟೀಚರ್ ಅವನನ್ನು ಗುರುತಿಸಿ ಓಡಿಬಂದರು. ಅವರ ಸಂತೋಷಕ್ಕೆ ಮಿತಿಯಿರಲಿಲ್ಲ. ಕುದುರೆ ಕೊಟ್ಟವರು ಯಾರೂ ಮತ್ತೆ ನೋಡಲು ಬಂದದ್ದಿಲ್ಲ. ಕರಿಚಹಾ ತರಿಸಿದರು, ಕುರ್ಚಿ ತರಿಸಿದರು. "ಕಾಶಿ! ಮೋನೇ, ಕಾಶಿ! ಯಾರು ಬಂದಿದ್ದಾರೆ ನೋಡು!" ಎಂದು ಮಗನನ್ನು ಕರೆಯುವ ಹಾಗೆ ಕೂಗಿದರು. ಮೂರನೆಯ ಕೂಗಿಗೆ ಅವನು ಟ್ಯಾಂಕಿನ ಹಿಂದಿನಿಂದ ಬಂದ. ಅಂಗಿಯ ಬೆನ್ನು ಒದ್ದೆಯಾಗಿತ್ತು.

"ಬೆವರ್ಯಾನ ಪಾಪ, ದುಡದು," ಎಂದ ರುದ್ರಪ್ಪ. "ಫೋನ್ ಎತ್ತಲಿಲ್ಲ ನೀ. ನನಗ ಜೀವ ನಿಲ್ಲಲಿಲ್ಲ. ಆಕಿ ಹೋಗ್ಯಾಳ, ಹೇಳಾಕ ನಿನಗ ಮನಸ್ಸು ಬರವಲ್ದು ಅಂತ ತಿಳ್ಕೊಂಡೆ. ಅದಕ್ಕ ಬಂದೆ."

ಅಂಬಿಳಿ ಶೆಡ್ಡಿನ ನೆರಳಿನಲ್ಲಿ ಗಂಜಿ ಕುಡಿಯುತ್ತಿತ್ತು. ಬೆಳ್ಳಗೆ, ಗುಂಡಗೆ. ರುದ್ರಪ್ಪ ಹತ್ತಿರ ಹೋಗದೆ ಸ್ವಲ್ಪ ದೂರದಲ್ಲೇ ನಿಂತ. ಕುದುರೆ ತಲೆ ಎತ್ತಿ ನೋಡಿತು, ಒಂದು ಕಿವಿ ಅವನ ಕಡೆ ತಿರುಗಿಸಿತು, ಮತ್ತೆ ಮೂತಿಯನ್ನು ತೊಟ್ಟಿಗೆ ಇಳಿಸಿತು. ಮುದುಕ ಕಾಶೀನಾಥನ ಕಡೆ ತಿರುಗಿದ. ಅವನ ಮುಖದಲ್ಲಿ ಸಂತೋಷವಿತ್ತು, ಅದರ ಹಿಂದೆ ಇನ್ನೂ ಸೇರಿಕೊಳ್ಳದ ಒಂದು ಪ್ರಶ್ನೆ.

"ನಡ್ಯಾಕ ಬರೂದಿಲ್ಲ ಅಂದಿದ್ದೆಲ್ಲ?"

"ಈ ವಾರ... ಈ ವಾರದಿಂದ್ರಿ."

ರುದ್ರಪ್ಪ ಮತ್ತೆ ಕುದುರೆಯನ್ನು ನೋಡಿದ. ಒಂದು ವಾರದಲ್ಲಿ ಆಗುವಂಥದಲ್ಲ ಅದು. ಚೀಲ ಬಿಚ್ಚಿ ಬೆಲ್ಲದ ಚೂರೊಂದನ್ನು ತೆಗೆದು, ಕೊಡಬಹುದೇ ಎಂದು ಟೀಚರನ್ನು ಕಣ್ಣಿನಲ್ಲೇ ಕೇಳಿ, ಕೊಟ್ಟ. ಗೊರಸು ಎತ್ತಿ ನೋಡಿದ. ತುಟಿ ಬಿಡಿಸಿ ಹಲ್ಲು ನೋಡಿದ. ಕೊನೆಗೆ ಟೀಚರ ಮುಂದೆ ಬಂದು ಎರಡೂ ಕೈ ಮುಗಿದು ಮಲಯಾಳದಲ್ಲಿ ಹೇಳಿದ: ನೀವು ಅವಳನ್ನು ಮತ್ತೆ ಹೆತ್ತಿರಿ. ಇಲ್ಲಿಯ ಚಾಲೆ ಪೇಟೆಗೆ ಸರಕು ತಂದ ನಮ್ಮ ಗೋದಾಮಿನ ಲಾರಿ ನಾಳೆ ಬೆಳಿಗ್ಗೆ ಖಾಲಿ ಹೋಗುತ್ತದೆ. ಬದುಕಿದ್ದರೆ ಕರೆದೊಯ್ಯೋಣ ಎಂದು ಡ್ರೈವರನಿಗೆ ಹೇಳಿದ್ದೆ. ಕರೆದುಕೊಂಡು ಹೋಗುತ್ತೇನೆ.

ಟೀಚರ್ ನಗುತ್ತಲೇ ಇದ್ದರು. "ಎಲ್ಲಿಗೆ?" ಎಂದು ಕೇಳಿದರು.

"ಮನೆಗೆ."

ನಗು ನಿಧಾನವಾಗಿ ಇಳಿಯಿತು. ಅವರು ಕಾಶೀನಾಥನನ್ನು ನೋಡಿದರು. ಅಲ್ವಿನ್ ಕ್ಯಾಮೆರಾ ಇಳಿಸಿ ನೋಡಿದ. ಫೋಟೋದ ಕೈಗೆ ಶಿಕ್ಷೆ ಹೇಳಿದ ಹೆಂಗಸೂ, ಏನೋ ನಡೆಯುತ್ತಿದೆ ಎಂದು, ಹತ್ತಿರ ಬಂದು ನಿಂತಳು.

ಕಾಶೀನಾಥ ತನ್ನ ಹರಕು ಮಲಯಾಳದಲ್ಲಿ ಹೇಳಿದ: "ಟೀಚರ್, ಅವರು ತಪ್ಪು ತಿಳಿದುಕೊಂಡಿದ್ದಾರೆ. ವಯಸ್ಸಾಗಿದೆ. ಕೊಟ್ಟದ್ದು ನೆನಪಿಲ್ಲ."

ಹೇಳಿ ಮುಗಿಸಿದ ಮೇಲೆ ಅವನಿಗೆ ಹೊಳೆಯಿತು. ನಲವತ್ತು ವರ್ಷ ಮಟ್ಟಾಂಚೇರಿಯಲ್ಲಿ ಮೂಟೆಗಳ ನಡುವೆ ಬದುಕಿದ ಮನುಷ್ಯನಿಗೆ ತನಗಿಂತ ಹತ್ತು ಪಾಲು ಚೆನ್ನಾಗಿ ಮಲಯಾಳ ಬರುತ್ತದೆ.

ರುದ್ರಪ್ಪ ಸಿಟ್ಟಾಗಲಿಲ್ಲ. ಕಿವಿ ಸರಿಯಾಗಿ ಕೇಳಿಸದವನ ಹಾಗೆ ಒಂದು ಹೆಜ್ಜೆ ಮುಂದೆ ಬಂದ.

"ಏನಂದಿ? ಕನ್ನಡದಾಗ ಹೇಳು."

ಕಾಶೀನಾಥ ಬಾಯಿ ತೆರೆದ. ಅದೇ ಮಾತು, ಮೂರೇ ಚಿಕ್ಕ ವಾಕ್ಯ. ಅಜ್ಜಾರ, ನೀವು ಮರ್ತೀರಿ. ಅಷ್ಟೇ ಅಂದರೂ ಸಾಕಿತ್ತು, ಕುದುರೆ ಇಲ್ಲೇ ಉಳಿಯುತ್ತಿತ್ತು. ನಾಳೆಯೂ ನೆರಳಿನಲ್ಲಿ ಗಂಜಿ ಕುಡಿಯುತ್ತಿತ್ತು. ಆದರೆ ತನ್ನೂರಿನ ಮಾತಿನಲ್ಲಿ ಆ ಸುಳ್ಳು ಹೊರಡಲಿಲ್ಲ.

"ಹೇಳಪಾ. ನಾ ಹಗ್ಗ ಬಿಚ್ಚಕೊಂಡಿದ್ನೇನು?"

"ಇಲ್ರಿ."

"ಹಗ್ಗ ಸೈತ ಕೊಟ್ಟರ ಏನಂತ ನಿನಗ ಗೊತ್ತಿರಲಿಲ್ಲೇನು?"

"ಗೊತ್ತಿತ್ರಿ."

"ಮತ್ತ?"

ಆಕಿ ಸಾಯ್ತಾಳ ಅಂತ ತಿಳ್ಕೊಂಡಿದ್ದೆ ಎಂದು ಹೇಳಬಹುದಿತ್ತು. ಹೇಳಲಿಲ್ಲ. ಹೇಳದೆಯೂ ಮುದುಕನಿಗೆ ತಿಳಿಯಿತೇನೋ, ಅವನು ಮುಖ ತಿರುಗಿಸಿದ.

"ಏನು ಹೇಳುತ್ತಿದ್ದಾರೆ?" ಎಂದರು ಟೀಚರ್.

ಕಾಶೀನಾಥ ಹೇಳಿದ. ಈ ಸಲ ಮಲಯಾಳ ಸಾಲದೆ ಅರ್ಧ ಇಂಗ್ಲಿಷಿನಲ್ಲಿ, ನೆಲ ನೋಡುತ್ತ, ತಮ್ಮ ಕಡೆ ಹಗ್ಗಕ್ಕೆ ಏನರ್ಥ, ಆ ದಿನ ರುದ್ರಪ್ಪ ನಿಜವಾಗಿ ಏನಂದ, ತಾನು ಏನಂದೆ, ಫೋನಿನಲ್ಲಿ ಏನು ಹೇಳುತ್ತ ಬಂದೆ, ಎಲ್ಲ. ನಡುವೆ ಒಂದು ಮಗು ಕ್ಯಾರೆಟ್ ಕೊಡಲು ಹೋಗಿ ಅತ್ತಿತು. ಅದರ ತಾಯಿ ಅದನ್ನು ಎತ್ತಿಕೊಂಡು ಬೇರೆ ಕುದುರೆಯ ಕಡೆ ಹೋದಳು. ಜನ ಚದುರಿದರು.

ಟೀಚರ್ ಕುದುರೆಯ ಕಡೆ ತಿರುಗಿ ನಿಂತರು. ಅವರು ಅವನನ್ನು ಬೈದಿದ್ದರೆ ಚೆನ್ನಾಗಿತ್ತು.

"ಅಂದರೆ ನಾನು ಇವಳನ್ನು ಕದ್ದುಕೊಂಡು ಬಂದೆ," ಎಂದರು ಕೊನೆಗೆ.

"ಇಲ್ಲ ಟೀಚರ್, ನಾನು..."

"ಹಗ್ಗ ಹಿಡಿದ ಕೈ ನನ್ನದು, ಮೋನೇ."

ಅವರು ಒಳಗೆ ಹೋಗಿ ಅಂಬಿಳಿಯನ್ನು ಬಿಚ್ಚಿಕೊಂಡು ಬಂದರು. ಕುದುರೆಗೆ ಗಂಜಿ ಬಿಟ್ಟು ಬರಲು ಮನಸ್ಸಿರಲಿಲ್ಲ, ಮೂತಿಯ ತುಂಬ ಬೂಸಾ. ಹಗ್ಗವನ್ನು ರುದ್ರಪ್ಪನ ಕೈಗಿಟ್ಟರು. "ಇವಳು ನಿಮ್ಮವಳು. ಇಲ್ಲೇ ಬಿಡಿ ಎಂದು ಕೇಳುತ್ತೇನೆ. ಕೇಳುವುದು ಅಷ್ಟೇ."

ಅಲ್ವಿನ್ ಕಾಶೀನಾಥನ ತೋಳು ಹಿಡಿದು ಪಕ್ಕಕ್ಕೆ ಎಳೆದ. "ನಿನಗೆ ಎಂತ ಆಗಿದೆ ಮಾರಾಯ? ಸುಳ್ಳು ಹೇಳಿದ್ದು ಹೇಳಿದಿ. ಇನ್ನೂ ಒಂದು ಹೇಳ್ಲಿಕ್ಕೆ ಆಗ್ತಿರ್ಲಿಲ್ವಾ? ಅಲ್ಲಿ ಹೋದ್ರೆ ಎರಡು ತಿಂಗಳು ಬದುಕ್ತದಾ ಅದು? ನಿನ್ನ ಮರ್ಯಾದೆ ಉಳಿಸಿಕೊಳ್ಳಿಕ್ಕೆ ಕುದುರೆಯನ್ನು ಕೊಟ್ಟಿ."

ಅಲ್ವಿನ್ ಹೇಳಿದ್ದು ಸುಳ್ಳಾಗಿರಲಿಲ್ಲ. ಕಾಶೀನಾಥ ಮೊದಲು ಸುಳ್ಳಿನಿಂದ ಒಬ್ಬ ಮುದುಕನಿಗೆ ಮಾಡಿದ್ದನ್ನು ಈಗ ನಿಜದಿಂದ ಒಂದು ಕುದುರೆಗೆ ಮಾಡಿದ್ದ. ಎರಡೂ ಸಲ ಅವನಿಗೆ ಬೇಕಾದದ್ದು ಒಂದೇ, ಎದುರಿಗಿರುವವರ ಮುಖ ಕೆಡದಿರುವುದು.

ರುದ್ರಪ್ಪ ಹಗ್ಗ ಹಿಡಿದು ಕುದುರೆಯನ್ನು ಅಂಗಳದಲ್ಲಿ ಒಂದು ಸುತ್ತು ನಡೆಸಿದ. ಮುಂಗಾಲಿನ ಮಂಡಿ ಇನ್ನೂ ಸರಿಯಾಗಿ ಮಡಚುತ್ತಿರಲಿಲ್ಲ. ಗೇಟಿನ ಬಳಿ, ಹಲಗೆಯ ಮುಂದೆ ಅವನು ನಿಂತ. ಮೊದಲು, ಈಗ. ಕುದುರೆ ರಟ್ಟನ್ನು ಮೂಸಿತು. ಅವನು ಅಲ್ವಿನ್‌ನನ್ನು ಕರೆದು, ಫೋಟೋದ ಅಂಚಿಗೆ ಬೆರಳಿಟ್ಟು, ತೀರ ಸೌಮ್ಯವಾಗಿ ಮಲಯಾಳದಲ್ಲಿ ಹೇಳಿದ: "ಇದು ನನ್ನ ಕೈ. ಇವಳನ್ನು ಇಲ್ಲಿ ಬಿಟ್ಟು ಹೋದರೆ ನನಗೆ ಉಳಿಯುವುದು ಇದೊಂದೇ ಕೈ."

ಅಲ್ವಿನ್ ಫೋಟೋ ಕಿತ್ತು ಮಡಚಿ ಜೇಬಿಗಿಟ್ಟುಕೊಂಡ.

ಆಮೇಲೆ ರುದ್ರಪ್ಪ ಟೀಚರ ಎದುರು ಕೂತು, ಪಾಠ ಒಪ್ಪಿಸುವವನಂತೆ, ಏನೇನು ಹಾಕಬೇಕು ಎಂದು ಕೇಳಿ ಕೇಳಿ ತಿಳಿದುಕೊಂಡ. ಟೀಚರ್ ಹೇಳಿದ್ದನ್ನು ತಿರುಗಿ ಹೇಳಿದ. ಗೋದಾಮಿನ ಧಣಿ ತಗಡಿನ ಮಾಡು ಹಾಕಿಸಿಕೊಟ್ಟಿದ್ದಾನೆ ಎಂದ. ಟೀಚರ್ ಬೂಸಾದ ಮೂಟೆ, ಕತ್ತರಿಸಿದ ಹುಲ್ಲು, ಮುಲಾಮು ಕಟ್ಟಿಸಿದರು. ಕಾಶೀನಾಥನಿಗೆ, ಅವನ ಮುಖ ನೋಡದೆ, "ನೀನೂ ಹೋಗು. ಅಲ್ಲಿ ಅವಳು ಹೇಗಿರುತ್ತಾಳೆ ಎಂದು ನೋಡಿಕೊಂಡು ಬಾ. ಪ್ರತಿ ವಾರ ಹೋಗು," ಎಂದರು.

ಲಾರಿ ಬೆಳಿಗ್ಗೆ ಹೊರಟಿತು. ರುದ್ರಪ್ಪ ಮುಂದೆ ಡ್ರೈವರನ ಪಕ್ಕದಲ್ಲಿ. ಕಾಶೀನಾಥ ಹಿಂದೆ, ಹುಲ್ಲಿನ ಮೇಲೆ, ಕುದುರೆಯ ಎದೆಗೆ ಹೆಗಲು ಕೊಟ್ಟು. ತಿರುವಿನಲ್ಲಿ ಅದು ಜೋಲಿ ಹೊಡೆದಾಗ ತಾನೂ ಹೊಡೆದ. ಕೊಲ್ಲಂ ದಾಟುವಾಗ ಶಾಲೆಯ ಮಕ್ಕಳು ಲಾರಿ ನೋಡಿ ಕೇಕೆ ಹಾಕಿದರು. ಕುದುರೆ ಕಿವಿ ನಿಮಿರಿಸಿತು. ಬಾಂಡಿನ ಸದ್ದಿಗೆ ಹೆದರದ ಪ್ರಾಣಿ, ಆದರೂ ಅದರ ಮೈ ಸಣ್ಣಗೆ ನಡುಗುತ್ತಿತ್ತು. ಅವನು ಕುತ್ತಿಗೆ ನೇವರಿಸಿದ. ನೇವರಿಸುವ ಹಕ್ಕು ತನಗಿದೆಯೇ ಎಂಬ ಅನುಮಾನದಿಂದ ಕೈ ತೆಗೆದ. ಅದು ಮೂತಿಯಿಂದ ಅವನ ಕೈಯನ್ನು ನೂಕಿತು, ಅವನು ಮತ್ತೆ ಇಟ್ಟ.

ಆಲಪ್ಪುಳದಲ್ಲಿ ಚಹಾಕ್ಕೆ ನಿಲ್ಲಿಸಿದರು. ರುದ್ರಪ್ಪ ಇಳಿದು ಹಿಂದಕ್ಕೆ ಬಂದ. ಹಲಗೆ ಹಿಡಿದು ಒಳಗೆ ಇಣುಕಿದ.

"ಸಾರೇ, ವೆಳ್ಳಂ ಕೊಡುತ್ತೋ?"

ನೀರು ಕೊಟ್ಟಿರಾ ಎಂದು, ಮಲಯಾಳದಲ್ಲಿ. ಕಾಶೀನಾಥ ಒಂದು ಕ್ಷಣ ಯಾರನ್ನು ಕೇಳುತ್ತಿದ್ದಾನೆ ಎಂದು ನೋಡಿದ. ಹಿಂದೆ ಬೇರೆ ಯಾರೂ ಇರಲಿಲ್ಲ.

"ಕೊಟ್ಟೀನ್ರಿ ಅಜ್ಜಾರ. ಅರ್ಧ ಬಕೀಟ ಕುಡದಾಳ."

"ಶರಿ, ಸಾರೇ."

ಹಾಗೆಂದು ರುದ್ರಪ್ಪ ಹೋಗಿ ಡ್ರೈವರನ ಜತೆ ಚಹಾ ಕುಡಿದ. ಕಾಶೀನಾಥನಿಗೂ ಒಂದು ಗ್ಲಾಸು ಕಳಿಸಿದ. ಸಾರ್‌ಗಳಿಗೆ ಕೊಡುವ ಹಾಗೆ, ಅಡಿಯಲ್ಲೊಂದು ತಟ್ಟೆ ಇಟ್ಟು.

ಮಟ್ಟಾಂಚೇರಿ ತಲುಪಿದಾಗ ಮಧ್ಯಾಹ್ನ ಕಳೆದಿತ್ತು. ಗೋದಾಮಿನ ಹಿಂದೆ ನಿಜವಾಗಿಯೂ ಹೊಸ ತಗಡಿನ ಮಾಡಿತ್ತು, ಕೆಳಗೆ ಮರಳು ಹಾಸಿತ್ತು. ಮೂಟೆ ಹೊರುವವರು ಕೆಲಸ ಬಿಟ್ಟು ಬಂದು ಗಂಗಿಯನ್ನು ನೋಡಿದರು. "ರುದ್ರೇಟ್ಟಾ, ಇದು ಹಳೆಯದಲ್ಲ, ಹೊಸದು ತಂದಿದ್ದೀರಿ!" ಎಂದು ಯಾರೋ ರೇಗಿಸಿದರು. ರುದ್ರಪ್ಪ ಅವರೊಂದಿಗೆ ನಕ್ಕ. ಎಷ್ಟೋ ಹೊತ್ತಿನ ಮೇಲೆ ನಕ್ಕದ್ದು. ಹೆಮ್ಮೆಯಿಂದ ಅವಳ ಗೊರಸು ಎತ್ತಿ ತೋರಿಸಿದ.

ಅವರು ಹೋದ ಮೇಲೆ ಅವನು ಬೂಸಾದ ಮೂಟೆ ಬಿಚ್ಚಿ, ತಗಡಿನ ಬುಟ್ಟಿಯಲ್ಲಿ ಹಾಕಿ, ಕೊಳಾಯಿಯಿಂದ ಕೊಡದಲ್ಲಿ ತಣ್ಣೀರು ಹಿಡಿದು ಸುರಿಯಲು ಬಗ್ಗಿದ. ತಣ್ಣೀರಿಗೆ ಬೂಸಾ ನೆನೆಯುವುದಿಲ್ಲ, ಹಲ್ಲು ಸವೆದ ಕುದುರೆಯ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಟೀಚರ್ ಹೇಳಿದ್ದರು, ರುದ್ರಪ್ಪ ತಿರುಗಿ ಒಪ್ಪಿಸಿದ್ದ, ದಾರಿಯ ದಣಿವಿನಲ್ಲಿ ಮರೆತಿದ್ದ.

"ಅಜ್ಜಾರ, ಬಿಸಿನೀರು ಹಾಕ್ರಿ," ಎಂದ ಕಾಶೀನಾಥ. "ತಣ್ಣೀರು ಬ್ಯಾಡ್ರಿ."

ರುದ್ರಪ್ಪ ಕೊಡ ಹಿಡಿದು ಹಾಗೇ ನಿಂತ. ಕೇಳಿಸಿತ್ತು. ಓಣಿ ಅಷ್ಟು ನಿಶ್ಶಬ್ದವಾಗಿತ್ತು. ಆದರೆ ಅವನ ಮುಖ, ಯಾವುದೋ ದೂರದ ನಾಡಿನವನು ಮಾತಾಡಿದ್ದನ್ನು ಕೇಳಿದವನ ಮುಖ. ಮರ್ಯಾದೆಯಿಂದ ಕಾಯುತ್ತಿದ್ದ. ಕೊಡದ ಬಾಯಿಂದ ನೀರು ಅಂಚಿಗೆ ಬಂದಿತ್ತು. ಗಂಗಿ ಮೂತಿ ಚಾಚಿ ಬುಟ್ಟಿಯನ್ನು ಹುಡುಕುತ್ತಿತ್ತು.

"ಅಜ್ಜಾರ," ಎಂದು ಕಾಶೀನಾಥ ಇನ್ನೊಮ್ಮೆ ಅಂದ. ಮುದುಕ ಕಣ್ಣು ಮಿಟುಕಿಸಲಿಲ್ಲ.

ಕಾಶೀನಾಥ ಮನಸ್ಸಿನಲ್ಲೇ ಮಲಯಾಳದ ಪದಗಳನ್ನು ಹುಡುಕಿ ಜೋಡಿಸಿದ. ಕೋಣೆ ಬಾಡಿಗೆಗೆ ಕೇಳುವಾಗ, ಆಟೋದವನಿಗೆ ದಾರಿ ಹೇಳುವಾಗ ಜೋಡಿಸುವ ಹಾಗೆ.

"ವೆಳ್ಳಂ ಚೂಡಾಕ್ಕಣಂ," ಎಂದ.

"ಶರಿ, ಸಾರೇ," ಎಂದು ರುದ್ರಪ್ಪ ಕೊಡ ಎತ್ತಿಕೊಂಡು ಹೋಗಿ ಒಲೆ ಹೊತ್ತಿಸಿದ.